‘ದಾವಣಗೆರೆ’, ‘ಚಿತ್ರದುರ್ಗ’ ಎಂದು ಬರೆದು ನೋಡಿ: ದಪ್ಪ ಜ್ಯಾಮಿತೀಯ ಕನ್ನಡ ಫಾಂಟ್ ರೂಪಿಸುವ ಬಗೆ

ದಾವಣಗೆರೆಯ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸುಗಳ ಮುಂದಿನ ಬೋರ್ಡುಗಳನ್ನು ಹತ್ತು ನಿಮಿಷ ಓದಿದರೆ ಸಾಕು, ಕನ್ನಡದಲ್ಲಿ ದಪ್ಪ ಅಕ್ಷರ ರೂಪಿಸುವವರಿಗೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಅಲ್ಲಿಯೇ ಕಣ್ಣಿಗೆ ಬೀಳುತ್ತವೆ. ‘ದಾವಣಗೆರೆ’ ಎಂಬ ಹೆಸರಿನ ಐದು ಅಕ್ಷರಗಳಲ್ಲಿ ಒಂದಕ್ಕೂ ಒತ್ತಿಲ್ಲ. ಎಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಂತೆ ಕೂರುತ್ತವೆ, ಆದ್ದರಿಂದ ಬೋರ್ಡಿನ ಎತ್ತರವನ್ನು ಪೂರ್ತಿ ತುಂಬುವಷ್ಟು ದೊಡ್ಡದಾಗಿ ಬರೆಯಬಹುದು. ಅದೇ ಅಳತೆಯ ಬೋರ್ಡಿನಲ್ಲಿ ‘ಚಿತ್ರದುರ್ಗ’ ಎಂದು ಬರೆಯಲು ಹೊರಟರೆ ಮೊದಲ ಅಕ್ಷರದ ಗುಡಿಸು ಮೇಲಕ್ಕೆ ಏರುತ್ತದೆ, ತಕಾರದ ಅಡಿಯ ರ ಒತ್ತು ಕೆಳಕ್ಕೆ ಇಳಿಯುತ್ತದೆ, ‘ದು’ವಿನ ಕೊಂಬು ಬಲಕ್ಕೆ ಚಾಚುತ್ತದೆ, ಕೊನೆಯಲ್ಲಿ ಅರ್ಕಾವತ್ತು ಬಂದು ಬಾಲದಂತೆ ನಿಲ್ಲುತ್ತದೆ. ಬರೆದವರು ಅನಿವಾರ್ಯವಾಗಿ ಅಕ್ಷರಗಳನ್ನು ಕುಗ್ಗಿಸಿರುತ್ತಾರೆ. ನಾನು ಹೊಸ ಫಾಂಟ್ ಒಂದನ್ನು ರೂಪಿಸಲು ಕುಳಿತಾಗ ವರ್ಣಮಾಲೆಯ ‘ಅ’ದಿಂದ ಆರಂಭಿಸುವುದಿಲ್ಲ, ಈ ಎರಡು ಊರುಗಳ ಹೆಸರನ್ನು ಅಕ್ಕಪಕ್ಕ ಬರೆದುಕೊಳ್ಳುತ್ತೇನೆ. ಎರಡೂ ಒಂದೇ ಕೈಯಿಂದ ಬಂದಂತೆ, ಒಂದೇ ತೂಕದಲ್ಲಿ ಕಾಣುವವರೆಗೆ ಮುಂದಿನ ಅಕ್ಷರಕ್ಕೆ ಹೋಗುವುದಿಲ್ಲ.

ಈ ಬರಹ ಬೋರ್ಡು, ಪೋಸ್ಟರ್, ಶೀರ್ಷಿಕೆಗಳಿಗೆ ಬಳಸುವ ದಪ್ಪ ಜ್ಯಾಮಿತೀಯ ಫಾಂಟನ್ನು ಕನ್ನಡಕ್ಕೆ ರೂಪಿಸುವ ಮತ್ತು ಅದನ್ನು ಸರಿಯಾದ ಜಾಗದಲ್ಲಿ ಬಳಸುವ ಕ್ರಮವನ್ನು ಕುರಿತದ್ದು. ಓದುವವರಿಗೆ ಫಾಂಟ್‌ಫೋರ್ಜ್, ಗ್ಲಿಫ್ಸ್ ಅಥವಾ ಫಾಂಟ್‌ಲ್ಯಾಬ್ ತಂತ್ರಾಂಶಗಳಲ್ಲಿ ಯಾವುದಾದರೊಂದರ ಅಲ್ಪಸ್ವಲ್ಪ ಪರಿಚಯವಿದೆ ಎಂದು ಭಾವಿಸಿದ್ದೇನೆ. ಫಾಂಟ್‌ಫೋರ್ಜ್ ಉಚಿತವಾಗಿ ಸಿಗುತ್ತದೆ. ಕಲಿಯುವುದಕ್ಕೆ ಅದು ಧಾರಾಳವಾಗಿ ಸಾಕು.

ಕೈವಾರದ ಅಕ್ಷರ ಎಂದರೇನು

ಜ್ಯಾಮಿತೀಯ ಫಾಂಟ್ ಎಂದರೆ ವೃತ್ತ, ಚೌಕ, ಸರಳರೇಖೆಗಳಿಂದ ಕಟ್ಟಿದಂತೆ ಕಾಣುವ ಅಕ್ಷರಗಳ ಗುಂಪು. ಯುರೋಪಿನಲ್ಲಿ ಈ ಬಗೆಗೆ ಹೆಸರು ತಂದದ್ದು ಪಾಲ್ ರೆನ್ನರ್ ರೂಪಿಸಿ ಜರ್ಮನಿಯ ಬಾವರ್ ಅಚ್ಚುಮೊಳೆ ಕಾರ್ಖಾನೆ 1927ರಲ್ಲಿ ಹೊರತಂದ ಫ್ಯೂಚುರಾ. ಅದಕ್ಕೂ ಎರಡು ವರ್ಷ ಮೊದಲು ಜರ್ಮನಿಯ ಬೌಹೌಸ್ ವಿನ್ಯಾಸ ಶಾಲೆಯ ಹರ್ಬರ್ಟ್ ಬೇಯರ್ ಕೈವಾರ ಮತ್ತು ಸ್ಕೇಲುಗಳನ್ನು ಹಿಡಿದು ‘ಯೂನಿವರ್ಸಲ್’ ಎಂಬ ಅಕ್ಷರಮಾಲೆಯನ್ನು ಬರೆದಿದ್ದರು. ಬೇಯರ್ ಅವರ ಅಕ್ಷರಗಳು ಅಚ್ಚುಮೊಳೆಯಾಗಿ ಎರಕಗೊಳ್ಳಲಿಲ್ಲ. ರೆನ್ನರ್ ಅವರ ಫ್ಯೂಚುರಾ ಇಂದಿಗೂ ಬಳಕೆಯಲ್ಲಿದೆ. ಇದಕ್ಕೆ ಕಾರಣಗಳು ಹಲವಿರಬಹುದು, ಆದರೆ ವಿನ್ಯಾಸಕಾರರು ಗಮನಿಸಬೇಕಾದದ್ದು ಒಂದುಂಟು: ಫ್ಯೂಚುರಾದಲ್ಲಿ ವೃತ್ತದಂತೆ ಕಾಣುವುದು ನಿಜವಾಗಿ ಕೈವಾರದ ವೃತ್ತವಲ್ಲ. ಗೆರೆಗಳು ಸೇರುವಲ್ಲಿ ಸಣ್ಣಗಾಗುತ್ತವೆ, ಅಡ್ಡಗೆರೆಗಳು ಉದ್ದಗೆರೆಗಳಿಗಿಂತ ತುಸು ತೆಳುವಾಗಿವೆ. ಕೈವಾರ ಎಳೆದದ್ದನ್ನು ಕಣ್ಣು ತಿದ್ದಿದೆ.

ಹೊರಗಿನ ಉದಾಹರಣೆಯೇ ಬೇಕೆಂದಿಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅಲ್ಲಿರುವುದು ಬ್ರಾಹ್ಮೀ ಲಿಪಿ. ಅಶೋಕನ ಕಾಲದ ಬ್ರಾಹ್ಮಿಯಲ್ಲಿ ‘ಕ’ ಒಂದು ಕೂಡಿಸುವ ಚಿಹ್ನೆ, ‘ಬ’ ಒಂದು ಚೌಕ, ‘ಠ’ ಒಂದು ವೃತ್ತ, ‘ಥ’ ನಡುವೆ ಚುಕ್ಕೆಯಿಟ್ಟ ವೃತ್ತ. ಇದಕ್ಕಿಂತ ಶುದ್ಧವಾದ ರೇಖಾಗಣಿತ ಬೇಕೆ? ಬ್ರಹ್ಮಗಿರಿಯ ಶಾಸನವನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಅಲ್ಲಿ ಬಿಟ್ಟುಹೋಗಿದ್ದಾನೆ. ‘ಲಿಪಿಕರೇಣ’ (ಲಿಪಿಕಾರನಿಂದ) ಎಂಬ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದು ತನಗೆ ಎರಡು ಲಿಪಿ ಬರುತ್ತದೆಂದೂ ತೋರಿಸಿಕೊಂಡಿದ್ದಾನೆ. ಈ ನೆಲದಲ್ಲಿ ಅಕ್ಷರದ ಕಸುಬು ಮಾಡುವವರೆಲ್ಲರೂ ಒಮ್ಮೆ ಹೋಗಿ ನೋಡಿಬರಬೇಕಾದ ಜಾಗವದು.

ಬ್ರಾಹ್ಮಿಯಿಂದ ಇಲ್ಲಿಯವರೆಗೆ ನಮ್ಮ ಲಿಪಿ ಬಹಳ ಬಾಗಿದೆ, ಸುತ್ತಿಕೊಂಡಿದೆ, ತಲೆಕಟ್ಟು ತೊಟ್ಟಿದೆ. ಇಂದಿನ ಕನ್ನಡದಲ್ಲಿ ಕೈವಾರಕ್ಕೆ ನೇರವಾಗಿ ಒಗ್ಗುವುದು ರ, ಠ, ಸೊನ್ನೆ ಮುಂತಾದ ಕೆಲವೇ ರೂಪಗಳು. ಉಳಿದವನ್ನು ವೃತ್ತಕ್ಕೆ ತುರುಕಿದರೆ ಅಕ್ಷರ ಕೆಡುತ್ತದೆ, ಬಿಟ್ಟರೆ ಫಾಂಟ್ ಜ್ಯಾಮಿತೀಯವಾಗಿ ಉಳಿಯುವುದಿಲ್ಲ.

ದಪ್ಪವನ್ನು ಒಳಗಿನಿಂದ ಅಳೆಯಬೇಕು

ಹೊಸಬರು ಮಾಡುವ ಮೊದಲ ತಪ್ಪು ಗೆರೆಯ ದಪ್ಪವನ್ನು ಮೊದಲು ನಿಶ್ಚಯಿಸಿ ಆಮೇಲೆ ಅಕ್ಷರಗಳನ್ನು ಅದಕ್ಕೆ ಹೊಂದಿಸಲು ಹೊರಡುವುದು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ಕ್ರಮ ನಡೆಯಬಹುದು. ಕನ್ನಡದಲ್ಲಿ ಒಂದು ಅಕ್ಷರವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು ಬಹುಪಾಲು ಅಕ್ಷರದ ಒಳಗೋ ಅಡಿಯಲ್ಲೋ ಇರುತ್ತದೆ. ದಕಾರದ ಅಡಿಗೆ ಸೀಳೊಂದು ಬಿದ್ದರೆ ಧಕಾರ, ಡಕಾರಕ್ಕೆ ಬಿದ್ದರೆ ಢಕಾರ, ಬಕಾರಕ್ಕೆ ಬಿದ್ದರೆ ಭಕಾರ. ಪಕಾರಕ್ಕೂ ಷಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೆರೆ. ಠಕಾರವನ್ನು ರಕಾರದಿಂದ ಬಿಡಿಸುವುದು ನಡುವಿನ ಚುಕ್ಕೆ. ಗೆರೆ ದಪ್ಪವಾದಷ್ಟೂ ಈ ಗುರುತುಗಳ ಜಾಗವನ್ನು ನುಂಗುತ್ತದೆ. ಆದ್ದರಿಂದ ಅತ್ಯಂತ ಇಕ್ಕಟ್ಟಾದ ಅಕ್ಷರಕ್ಕೆ ಎಷ್ಟು ಬಿಳಿ ಬೇಕೋ ಅದನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಕಪ್ಪಿಗೆ ಕೊಡಬೇಕು. ಈ ಬರಹದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಲೆಕ್ಕದಲ್ಲಿ ಹೇಳುತ್ತೇನೆ. ಫಾಂಟಿನ ಚೌಕಟ್ಟನ್ನು ಎಂದಿನಂತೆ 1000 ಘಟಕಗಳೆಂದು ಇಟ್ಟುಕೊಂಡು, ತಲೆಕಟ್ಟನ್ನು ಬಿಟ್ಟು ಅಕ್ಷರದ ಮೈಯ ಎತ್ತರ 600 ಎನ್ನೋಣ. ಗೆರೆಯ ದಪ್ಪ 150 ಆದರೆ ರಕಾರದ ಉಂಗುರದೊಳಗೆ 300 ಘಟಕಗಳ ಬಿಳಿ ಉಳಿಯುತ್ತದೆ. ಠಕಾರಕ್ಕೆ 110 ಘಟಕಗಳ ಚುಕ್ಕೆ ಇಟ್ಟರೆ ಅದರ ಸುತ್ತ 95ರಷ್ಟು ಬಿಳಿ ಇರುತ್ತದೆ. ದೂರದಿಂದಲೂ ಚುಕ್ಕೆ ಚುಕ್ಕೆಯಾಗಿಯೇ ಕಾಣುತ್ತದೆ. ಗೆರೆಯನ್ನು 200ಕ್ಕೆ ಏರಿಸಿದರೆ ಒಳಗಿನ ಬಿಳಿ 200ಕ್ಕೆ ಇಳಿಯುತ್ತದೆ, ಅದೇ ಚುಕ್ಕೆಯ ಸುತ್ತ ಉಳಿಯುವುದು 45 ಮಾತ್ರ. ರಸ್ತೆಯ ಆಚೆ ಬದಿಯಿಂದ ನೋಡಿದರೆ ಅದು ಚುಕ್ಕೆಯಲ್ಲ, ಮಸಿಯ ಮುದ್ದೆ. ಎರಡು ಹೊಟ್ಟೆಗಳಿರುವ ವ, ಪ, ಷ ಮುಂತಾದವುಗಳಲ್ಲಿ ಮೂರು ಗೆರೆಗಳು ಪಕ್ಕಪಕ್ಕ ನಿಲ್ಲಬೇಕಾದ್ದರಿಂದ ಅಲ್ಲಿ ಗೆರೆಯನ್ನು 130, 135ಕ್ಕೆ ತಗ್ಗಿಸಿ, ಅಕ್ಷರವನ್ನು ಅಗಲಗೊಳಿಸಬೇಕಾಗುತ್ತದೆ. ಎಲ್ಲ ಅಕ್ಷರಗಳಿಗೂ ಒಂದೇ ದಪ್ಪದ ಗೆರೆಯನ್ನು ಹಟ ಹಿಡಿದು ಬಳಸಿದರೆ ಷಕಾರ, ಘಕಾರಗಳು ಸಾಲಿನಲ್ಲಿ ಕಪ್ಪು ಕಲೆಗಳಾಗಿ ಎದ್ದು ಕಾಣುತ್ತವೆ. ದಪ್ಪ ಬೇರೆಬೇರೆ ಇದ್ದಾಗಲೇ ನೋಡುವವರಿಗೆ ಒಂದೇ ಎನ್ನಿಸುತ್ತದೆ.

ಫಾಂಟ್ ಎಷ್ಟು ದೊಡ್ಡದಾಗಿ ಬಳಕೆಯಾಗುತ್ತದೆ ಎಂಬುದೂ ಇದೇ ಲೆಕ್ಕದೊಳಗೆ ಬರಬೇಕು. ಧಕಾರದ ಸೀಳಿಗೆ 40 ಘಟಕ ಬಿಟ್ಟಿದ್ದೀರಿ ಎನ್ನೋಣ. ಮೈಯ ಎತ್ತರ 150 ಮಿಲಿಮೀಟರ್ ಇರುವ ಅಂಗಡಿ ಬೋರ್ಡಿನಲ್ಲಿ ಅದು 10 ಮಿಲಿಮೀಟರ್ ಆಗುತ್ತದೆ, ಏನೂ ತೊಂದರೆಯಿಲ್ಲ. ಅದೇ ಫಾಂಟನ್ನು ವಿಸಿಟಿಂಗ್ ಕಾರ್ಡಿನಲ್ಲಿ 3 ಮಿಲಿಮೀಟರ್ ಎತ್ತರಕ್ಕೆ ಇಳಿಸಿದರೆ ಸೀಳು 0.2 ಮಿಲಿಮೀಟರ್ ಆಗಿ, ಶಾಯಿ ಹರಡಿದ ಕೂಡಲೇ ಮುಚ್ಚಿಹೋಗುತ್ತದೆ, ‘ಧನಲಕ್ಷ್ಮಿ’ ‘ದನಲಕ್ಷ್ಮಿ’ಯಾಗುತ್ತಾಳೆ. ಹೀಗಾಗಿ ಕೆಲಸ ಆರಂಭಿಸುವಾಗಲೇ ಈ ಫಾಂಟ್ ಇಷ್ಟು ಅಳತೆಗಿಂತ ಕೆಳಗೆ ಬಳಸತಕ್ಕದ್ದಲ್ಲ ಎಂದು ಒಂದು ಮಿತಿಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನನ್ನ ಮಿತಿ 24 ಪಾಯಿಂಟ್.

ಮೊದಲ ಐದು ಅಕ್ಷರಗಳು

ರ, ಗ, ದ, ವ, ಕ. ಈ ಐದನ್ನು ಮೊದಲು ಮುಗಿಸಿ. ರಕಾರ ಉಂಗುರವನ್ನು ತೀರ್ಮಾನಿಸುತ್ತದೆ, ಗಕಾರ ಕಮಾನನ್ನು, ವಕಾರ ಜೋಡಿ ಹೊಟ್ಟೆಯನ್ನು. ಕಕಾರದಲ್ಲಿ ಗೆರೆಗಳು ಒಂದನ್ನೊಂದು ಹಾಯುವ ಜಾಗವನ್ನು ಹೇಗೆ ನಿಭಾಯಿಸುತ್ತೀರಿ ಎಂಬುದು ತಿಳಿಯುತ್ತದೆ. ಉಳಿದ ವ್ಯಂಜನಗಳಲ್ಲಿ ಹಲವು ಈ ಐದರ ನೆಂಟರು.

ರಕಾರಕ್ಕೆ ತಂತ್ರಾಂಶದಲ್ಲಿ ಒಂದು ಪೂರ್ಣ ವೃತ್ತವನ್ನೂ ಅದರೊಳಗೆ ಇನ್ನೊಂದನ್ನೂ ಎಳೆದು ನೋಡಿ. ಮೇಲೆ ಕೆಳಗೆ ಗೆರೆ ದಪ್ಪವಾಗಿಯೂ ಎಡ ಬಲಗಳಲ್ಲಿ ತೆಳುವಾಗಿಯೂ ಇರುವಂತೆ ತೋರುತ್ತದೆ. ಅಳೆದರೆ ಎಲ್ಲೆಡೆ ಒಂದೇ. ಕಣ್ಣಿನ ಈ ಚಾಳಿಯನ್ನು ಸರಿದೂಗಿಸಲು ಒಳಗಿನ ವೃತ್ತವನ್ನು ಮೇಲಕ್ಕೂ ಕೆಳಕ್ಕೂ ಸ್ವಲ್ಪ ಎಳೆದು, ಅಡ್ಡಭಾಗದ ದಪ್ಪವನ್ನು ಸುಮಾರು ಹತ್ತನೇ ಒಂದರಷ್ಟು ಕಡಿಮೆ ಮಾಡಬೇಕು. 150ರ ಗೆರೆ ಅಲ್ಲಿ 135 ಆಗಲಿ. ಇನ್ನೊಂದು ತಿದ್ದುಪಡಿ, ದುಂಡಗಿನ ಅಕ್ಷರದ ಅಡಿ ಅಡಿಗೆರೆಯನ್ನು ಸರಿಯಾಗಿ ಮುಟ್ಟಿ ನಿಂತರೆ ಪಕ್ಕದ ಚಪ್ಪಟೆ ಅಕ್ಷರಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅದನ್ನು 8ರಿಂದ 12 ಘಟಕಗಳಷ್ಟು ಗೆರೆಯಿಂದ ಕೆಳಗೆ ಇಳಿಸಬೇಕು. ಕನ್ನಡದಲ್ಲಿ ಬಹುತೇಕ ಎಲ್ಲ ಅಕ್ಷರಗಳ ಅಡಿಯೂ ದುಂಡಗಿರುವುದರಿಂದ ಈ ಸಮಸ್ಯೆ ಸಾಲಿನೊಳಗೆ ಹೆಚ್ಚು ಕಾಡುವುದಿಲ್ಲ, ಆದರೆ ಗಕಾರದ ಕಾಲುಗಳನ್ನು ಚಪ್ಪಟೆಯಾಗಿ ಕತ್ತರಿಸಿದ್ದರೆ ಅಲ್ಲಿ ತಟ್ಟನೆ ಕಾಣಿಸುತ್ತದೆ, ಇಂಗ್ಲಿಷ್ ಅಕ್ಷರಗಳು ಪಕ್ಕಕ್ಕೆ ಬಂದಾಗಲೂ ಕಾಣಿಸುತ್ತದೆ.

ವಕಾರದ ಎರಡು ಹೊಟ್ಟೆಗಳನ್ನು ಎರಡು ಪೂರ್ಣ ವೃತ್ತಗಳಾಗಿ ಮಾಡಿದರೆ ಅಕ್ಷರ ವಿಪರೀತ ಅಗಲವಾಗುತ್ತದೆ. ಅಲ್ಲಿ ವೃತ್ತದ ಬದಲು ನೆಟ್ಟಗೆ ನಿಂತ ಮೊಟ್ಟೆಯಾಕಾರವನ್ನೋ, ಅಡಿಯಲ್ಲಿ ಅರ್ಧವೃತ್ತ ಮತ್ತು ಬದಿಗಳಲ್ಲಿ ನೇರಗೆರೆ ಇರುವ ಆಕಾರವನ್ನೋ ಆರಿಸಿಕೊಳ್ಳಬೇಕು. ನನಗೆ ಎರಡನೆಯದು ಇಷ್ಟ, ಏಕೆಂದರೆ ಅರ್ಧವೃತ್ತ ಉಳಿದಷ್ಟೂ ರೇಖಾಗಣಿತದ ನಂಟು ಉಳಿಯುತ್ತದೆ. ಎರಡು ಹೊಟ್ಟೆಗಳು ಕೂಡುವ ನಡುಗೆರೆಯ ಬುಡದಲ್ಲಿ ಕಪ್ಪು ಗಟ್ಟಿಯಾಗುತ್ತದೆ. ಅಲ್ಲಿ ಒಳಗಿನಿಂದ ಬಿಳಿಯ ಬೆಣೆಯೊಂದನ್ನು ಸಣ್ಣದಾಗಿ ನುಗ್ಗಿಸಿ. ಮ್ಯಾಥ್ಯೂ ಕಾರ್ಟರ್ 1978ರಲ್ಲಿ ಅಮೆರಿಕದ ದೂರವಾಣಿ ಡೈರೆಕ್ಟರಿಗಾಗಿ ರೂಪಿಸಿದ ಬೆಲ್ ಸೆಂಟೆನಿಯಲ್ ಫಾಂಟಿನಲ್ಲಿ ಶಾಯಿ ತುಂಬಿಕೊಳ್ಳಲೆಂದು ಮೂಲೆಗಳಲ್ಲಿ ಇಂಥ ಕಚ್ಚುಗಳನ್ನು ಬಿಟ್ಟಿದ್ದರು. ಅವರದು ಅತಿ ಸಣ್ಣ ಅಕ್ಷರದ ಸಮಸ್ಯೆ, ನಮ್ಮದು ಅತಿ ದಪ್ಪ ಅಕ್ಷರದ ಸಮಸ್ಯೆ, ಮದ್ದು ಒಂದೇ.

ಐದರ ನಂತರ ಕೂಡಲೇ ಕಷ್ಟದವುಗಳಿಗೆ ಹೋಗಬೇಕು: ಷ, ಫ, ಘ, ಣ, ಝ, ಋ, ಕ್ಷ. ಸುಲಭದವನ್ನೆಲ್ಲ ಮೊದಲು ಮುಗಿಸಿ ಕಷ್ಟದವನ್ನು ಕೊನೆಗೆ ಇಟ್ಟುಕೊಂಡರೆ, ಝಕಾರಕ್ಕೆ ಬಂದಾಗ ಗೆರೆಯ ದಪ್ಪ ಹೆಚ್ಚಾಯಿತೆಂದು ಗೊತ್ತಾಗಿ ಮುಗಿಸಿದ್ದೆಲ್ಲವನ್ನೂ ಬಿಚ್ಚಬೇಕಾಗುತ್ತದೆ. ನನ್ನ ಮೊದಲ ಫಾಂಟಿನಲ್ಲಿ ಹೀಗೆಯೇ ಒಂದು ಬೇಸಿಗೆ ಹೋಯಿತು.

ತಲೆಕಟ್ಟು ಮತ್ತು ಗುಣಿತ

ತಲೆಕಟ್ಟು ಫಾಂಟಿನ ಮುಖಚರ್ಯೆ. ಅದನ್ನು ಅಡ್ಡಪಟ್ಟಿಯಾಗಿ, ಬಲತುದಿ ಓರೆಯಾಗಿ ಕತ್ತರಿಸಿದಂತೆ, ಅಥವಾ ಕಾಲುವೃತ್ತವಾಗಿ ಹೇಗೆ ಬೇಕಾದರೂ ಮಾಡಬಹುದು. ಒಮ್ಮೆ ಆರಿಸಿದ್ದನ್ನು ಕೊನೆಯವರೆಗೆ ಬದಲಿಸಬಾರದು. ಆದರೆ ಎಲ್ಲ ಅಕ್ಷರಗಳಿಗೂ ತಲೆಕಟ್ಟು ಇಲ್ಲ ಎಂಬುದನ್ನು ಮರೆಯಬಾರದು. ಖ, ಜ, ಟ, ಣ, ಬ, ಲ ಬರಿತಲೆಯವು. ‘ದಾವಣಗೆರೆ’ ಪದವನ್ನೇ ನೋಡಿ: ದಕಾರದ ತಲೆಕಟ್ಟು ‘ದಾ’ದ ದೀರ್ಘ ಚಿಹ್ನೆಯಾದ ಇಳಿಯೊಳಗೆ ಸೇರಿಹೋಗುತ್ತದೆ, ಣಕಾರಕ್ಕೆ ತಲೆಕಟ್ಟೇ ಇಲ್ಲ, ಗೆ ಮತ್ತು ರೆಗಳ ಜಾಗಕ್ಕೆ ಏತ್ವ ಬರುತ್ತದೆ, ಬರಿಯ ತಲೆಕಟ್ಟು ಉಳಿಯುವುದು ವಕಾರ ಒಂದಕ್ಕೆ. ಮುಖಚರ್ಯೆಯನ್ನು ತಲೆಕಟ್ಟಿನ ಮೇಲೆ ಮಾತ್ರ ನಿಲ್ಲಿಸಿದರೆ ಈ ಪದದಲ್ಲಿ ಫಾಂಟಿನ ಗುರುತೇ ಸಿಗುವುದಿಲ್ಲ. ತಲೆಕಟ್ಟಿನ ತುದಿಗೆ ಕೊಟ್ಟ ಕತ್ತರಿಯನ್ನು ಏತ್ವದ ತುದಿಗೂ, ಇಳಿಯ ಕೊನೆಗೂ, ಣಕಾರದ ಸುರುಳಿಯ ಕೊನೆಗೂ ಕೊಡಬೇಕು.

ಗುಡಿಸು ತಲೆಕಟ್ಟನ್ನು ತೆಗೆದು ತಾನು ಕೂರುವುದರಿಂದ ಕಿ, ಚಿ, ತಿ ಮುಂತಾದವನ್ನು ಜೋಡಣೆಯಿಂದ ಸಾಧಿಸುವ ಬದಲು ಪ್ರತಿಯೊಂದನ್ನೂ ಬೇರೆಯಾಗಿಯೇ ಬರೆಯುವುದು ಲೇಸು. ಮೂವತ್ತಕ್ಕೂ ಹೆಚ್ಚು ಅಕ್ಷರಗಳ ಕೆಲಸ, ಬೇಸರ ತರುತ್ತದೆ, ಬೇರೆ ದಾರಿಯಿಲ್ಲ. ಗುಡಿಸಿನ ಉಂಗುರವನ್ನು ದಪ್ಪ ಫಾಂಟಿನಲ್ಲಿ ಪೂರ್ತಿ ಮುಚ್ಚುವಂತೆ ಬಿಡದೆ ಅದರೊಳಗೆ ಕನಿಷ್ಠ ಒಂದು ಸೀಳಿನಷ್ಟಾದರೂ ಬಿಳಿ ಉಳಿಸಿ. ದೀರ್ಘ, ಕೊಂಬು, ವಟ್ರಸುಳಿಗಳ ವಿಷಯದಲ್ಲಿ ಹೆಚ್ಚೇನೂ ಹೇಳಬೇಕಾಗಿಲ್ಲ. ಆದರೆ ‘ವು’ ಮತ್ತು ‘ಮ’ ದೂರದಿಂದ ಒಂದರಂತೆ ಇನ್ನೊಂದು ಕಾಣುತ್ತವಾದ್ದರಿಂದ ಕೊಂಬಿನ ಸುರುಳಿಯನ್ನು ಮಕಾರದ ಸುರುಳಿಗಿಂತ ಸ್ಪಷ್ಟವಾಗಿ ದೊಡ್ಡದು ಮಾಡಬೇಕು.

ಒತ್ತಕ್ಷರ

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಹೋಟೆಲೊಂದಕ್ಕೆ ‘ಬೆಣ್ಣೆ ದೋಸೆ’ ಎಂದು ಬೋರ್ಡು ಮಾಡಿಕೊಟ್ಟೆ. ಕಂಪ್ಯೂಟರಿನ ಪರದೆಯ ಮೇಲೆ ಅದು ಬೆಣ್ಣೆಯಂತೆಯೇ ಇತ್ತು. ಒತ್ತುಗಳಿಗೂ ಮೈಯಕ್ಷರದ ದಪ್ಪವನ್ನೇ ಕೊಟ್ಟು, ಎತ್ತರ ಉಳಿಸಲೆಂದು ಅವನ್ನು ಅಡಿಗೆ ಅಂಟಿಸಿಬಿಟ್ಟಿದ್ದೆ. ಬೋರ್ಡು ಏರಿ ಸಂಜೆ ಹಿಂಬದಿಯ ದೀಪ ಹೊತ್ತಿಕೊಂಡಾಗ ಣ ಒತ್ತು ಮೇಲಿನ ಣಕಾರದೊಡನೆ ಕಲೆತು ಒಂದು ಉಂಡೆಯಾಯಿತು. ಎದುರು ಬದಿಯಿಂದ ನೋಡಿದವರಿಗೆ ಓದಲು ಸಿಕ್ಕಿದ್ದು ‘ಬೆಣೆ ದೋಸೆ’. “ಏನ್ರೀ, ಬೆಣ್ಣಿ ಹಚ್ರಿ ಅಂದ್ರ ಬೆಣೆ ಹೊಡ್ದೀರಲ್ಲ!” ಎಂದರು ಮಾಲೀಕರು. ತಪ್ಪು ಪೂರ್ತಿ ನನ್ನದೇ, ಬೋರ್ಡನ್ನು ನನ್ನ ಖರ್ಚಿನಲ್ಲಿ ಬದಲಿಸಿದೆ.

ಅಂದಿನಿಂದ ಒತ್ತುಗಳಿಗೆ ನಾನು ಪಾಲಿಸುತ್ತಿರುವ ಅಳತೆ ಇದು. ಒತ್ತಿನ ಎತ್ತರ ಮೈಯಕ್ಷರದ ಅರ್ಧಕ್ಕೆ ತುಸು ಹೆಚ್ಚು, ಅಂದರೆ 600ಕ್ಕೆ 320ರ ಆಸುಪಾಸು. ಗೆರೆಯ ದಪ್ಪ ಮೈಗೆರೆಯ ಮುಕ್ಕಾಲಕ್ಕಿಂತ ಕಡಿಮೆ, ಅರ್ಧಕ್ಕಿಂತ ಹೆಚ್ಚು. 150ಕ್ಕೆ ಸುಮಾರು 95. ಮೈಯಕ್ಷರದ ಅಡಿಗೂ ಒತ್ತಿನ ತಲೆಗೂ ನಡುವೆ ಕನಿಷ್ಠ 45 ಘಟಕಗಳ ತೆರವು. ಒತ್ತನ್ನು ಮೈಯಕ್ಷರವನ್ನೇ ಚಿಕ್ಕದು ಮಾಡಿ ಇಟ್ಟರೆ ಸಾಲದು. ಚಿಕ್ಕದು ಮಾಡಿದಾಗ ಗೆರೆಯೂ ಅದೇ ಪ್ರಮಾಣದಲ್ಲಿ ತೆಳುವಾಗಿ, ಮೇಲೆ ಪೈಲ್ವಾನ, ಕೆಳಗೆ ಅವನನ್ನು ಹೊತ್ತ ಬಡಕಲು ಹುಡುಗ ಎಂಬಂತಾಗುತ್ತದೆ. ಆದ್ದರಿಂದ ಒತ್ತುಗಳನ್ನು ಹೊಸದಾಗಿ ಬರೆಯಬೇಕು, ಒಳಗಿನ ವಿವರಗಳನ್ನು ಕಡಿಮೆ ಮಾಡಿ ಬರೆಯಬೇಕು. ಬಣ್ಣದ ಬೋರ್ಡು ಬರೆಯುತ್ತಿದ್ದ ಹಿರಿಯ ಕಲಾವಿದರೊಬ್ಬರು ಒತ್ತುಗಳಿಗೆ ಬೇರೆಯೇ ಕುಂಚ ಇಟ್ಟುಕೊಂಡಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕಾರಣ ಕೇಳುವ ಬುದ್ಧಿ ಆಗ ಇರಲಿಲ್ಲ.

ಒಂದೇ ಅಕ್ಷರಕ್ಕೆ ಎರಡು ಒತ್ತು ಬರುವ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳಲ್ಲಿ ಎರಡನೆಯ ಒತ್ತನ್ನು ಮೊದಲನೆಯದರ ಕೆಳಗೆ ಇಳಿಸುವ ಬದಲು ಅದರ ಬಲಪಕ್ಕಕ್ಕೆ ಸರಿಸಬೇಕು, ಇಲ್ಲವಾದರೆ ಸಾಲುಗಳ ನಡುವಿನ ಅಂತರವೆಲ್ಲ ಈ ಎರಡು ಪದಗಳ ಸಲುವಾಗಿ ಹೆಚ್ಚಬೇಕಾಗುತ್ತದೆ. ಪಕ್ಕಪಕ್ಕದ ಅಕ್ಷರಗಳೆರಡಕ್ಕೂ ಒತ್ತಿದ್ದಾಗ ಕೆಳಗೆ ಅವು ಡಿಕ್ಕಿ ಹೊಡೆಯುತ್ತವೆ. ‘ದುಗ್ಗಮ್ಮ’ ಎಂದು ಬರೆದು ನೋಡಿದರೆ ಗೊತ್ತಾಗುತ್ತದೆ. ಅಂಥ ಜೋಡಿಗಳಿಗೆ ಅಂತರವನ್ನು ಕೈಯಾರೆ ಹೊಂದಿಸಬೇಕು. ಅರ್ಕಾವತ್ತು ನೋಡಲು ೯ ಅಂಕಿಯಂತಿರುವುದರಿಂದ ಹಲವರು ಅಂಕಿಯನ್ನೇ ನಕಲು ಮಾಡಿ ಇಟ್ಟುಬಿಡುತ್ತಾರೆ. ಹಾಗೆ ಮಾಡಿದರೆ ‘ದುರ್ಗ’ದ ಕೊನೆಯಲ್ಲಿ ಮನೆ ನಂಬರು ಬರೆದಂತೆ ಕಾಣುತ್ತದೆ, ಅದನ್ನು ಅಂಕಿಗಿಂತ ಕಿರಿದಾಗಿ, ಮೈಯಕ್ಷರಕ್ಕೆ ಹತ್ತಿರವಾಗಿ ನಿಲ್ಲಿಸಬೇಕು.

ಅಕ್ಷರಗಳ ನಡುವಿನ ಅಂತರದ ಬಗ್ಗೆ ಎರಡೇ ಮಾತು. ದುಂಡಕ್ಕೆ ದುಂಡ ಎದುರಾದಾಗ ಹತ್ತಿರ ತನ್ನಿ, ಇಳಿ ಅಥವಾ ಕೊಂಬಿನ ಪಕ್ಕದಲ್ಲಿ ದೂರ ಇಡಿ. ಹೊಟ್ಟೆಯೊಳಗಿನ ಬಿಳಿಗಿಂತ ಅಕ್ಷರಗಳ ನಡುವಿನ ಬಿಳಿ ಕಡಿಮೆಯಿರಲಿ.

ಕಂಪ್ಯೂಟರಿಗೆ ಒಪ್ಪಿಸುವುದು

ಚಿತ್ರ ಮುಗಿದ ಮೇಲೆ ಅದನ್ನು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ನಿಗದಿತ ಸಂಖ್ಯೆ ಕೊಡುವ ಜಾಗತಿಕ ವ್ಯವಸ್ಥೆ) ಫಾಂಟಾಗಿ ಕಟ್ಟಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವಿದೆ, ಆದರೆ ಒತ್ತುಗಳಿಗೂ ಗುಣಿತ ಸೇರಿದ ರೂಪಗಳಿಗೂ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಅವನ್ನು ಓಪನ್‌ಟೈಪ್ ನಿಯಮಗಳ (ಯಾವ ಅಕ್ಷರಗಳು ಸೇರಿದಾಗ ಯಾವ ರೂಪ ಬರಬೇಕೆಂದು ಫಾಂಟಿನೊಳಗೆ ಬರೆದಿಡುವ ಸೂಚನೆಗಳು) ಮೂಲಕ ಕರೆಯಬೇಕು. ಕ್ಷ, ಜ್ಞಗಳಿಗೆ ಒಂದು ನಿಯಮ, ಅರ್ಕಾವತ್ತಿಗೆ ಒಂದು, ಅಡಿಯ ಒತ್ತುಗಳಿಗೆ ಒಂದು ಹೀಗೆ ಸಾಗುತ್ತದೆ. ಹೊಸದಾಗಿ ಬರೆಯುವ ಬದಲು ಮುಕ್ತ ಪರವಾನಗಿಯ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಫಾಂಟುಗಳನ್ನು ಬಿಚ್ಚಿ ನೋಡಿ ಕಲಿಯಬಹುದು. ಅವುಗಳ ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿ ಬಳಸಲು, ತಿದ್ದಲು, ಹಂಚಲು ಅನುಮತಿ ಕೊಡುತ್ತದೆ. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರಲು ಕೊಡುವುದಿಲ್ಲ, ತಿದ್ದಿದ್ದನ್ನು ಅದೇ ಪರವಾನಗಿಯಲ್ಲಿಯೇ ಹಂಚಬೇಕು. ದಪ್ಪ ಅಕ್ಷರದಲ್ಲಿ ಒಳಗಿನ ಬಿಳಿಯನ್ನು ಹೇಗೆ ಉಳಿಸಿದ್ದಾರೆ ಎಂದು ನೋಡಲು ಬಾಲೂ ತಮ್ಮ ಒಳ್ಳೆಯ ಪಾಠ, ಅದು ಜ್ಯಾಮಿತೀಯವಲ್ಲದಿದ್ದರೂ. ಗೂಗಲ್ ಫಾಂಟ್ಸ್‌ನಲ್ಲಿ ‘ಬೆಣ್ಣೆ’ ಎಂಬ ಕನ್ನಡ ಫಾಂಟೂ ಇದೆ. ಹೆಸರಿಗೆ ಮರುಳಾಗಿ ನಮ್ಮೂರಿನವರು ಅದನ್ನು ಹೋಟೆಲ್ ಬೋರ್ಡಿಗೆ ಬಳಸಬಾರದು, ಅದು ಓದುವ ಪಠ್ಯಕ್ಕಾಗಿ ಮಾಡಿದ್ದು.

ಪರೀಕ್ಷೆಗೆ ನಾನು ಬಳಸುವ ಪದಗಳು: ದಾವಣಗೆರೆ, ಚಿತ್ರದುರ್ಗ, ಮಂಡಕ್ಕಿ, ದುಗ್ಗಮ್ಮ, ಧರ್ಮ, ಫಲಾಫಲ, ಷಷ್ಠಿ, ರಾಷ್ಟ್ರ, ವಿಜ್ಞಾನ, ರ‍್ಯಾಂಕ್. ಕೊನೆಯದನ್ನು ಬಿಡಬೇಡಿ. ರಕಾರಕ್ಕೆ ಯ ಒತ್ತು ಬರಬೇಕಾದಲ್ಲಿ ಯಕಾರಕ್ಕೆ ಅರ್ಕಾವತ್ತು ಬಂದುಬಿಡುವುದು ಸಾಮಾನ್ಯ ದೋಷ. ಅದನ್ನು ತಪ್ಪಿಸಲು ರಕಾರದ ನಂತರ ಜೋಡಿಸುವ ಶೂನ್ಯ ಅಗಲದ ಸಂಕೇತವನ್ನು ನಿಮ್ಮ ಫಾಂಟ್ ಗುರುತಿಸಬೇಕು. ಟ್ಯೂಷನ್ ಸೆಂಟರುಗಳು ತುಂಬಿರುವ ವಿದ್ಯಾನಗರದಂಥ ಬಡಾವಣೆಗಳಲ್ಲಿ ಈ ಪದಕ್ಕೆ ಗಿರಾಕಿ ಜಾಸ್ತಿ.

ನಮ್ಮ ಪ್ರಿಂಟಿಂಗ್ ಅಂಗಡಿಗಳಲ್ಲಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡ ಆಕಾರಗಳನ್ನು ತುಂಬಿದವು) ಟೈಪು ಮಾಡುವ ರೂಢಿ ಇನ್ನೂ ಇದೆ. ಆ ಪಠ್ಯಕ್ಕೆ ಯೂನಿಕೋಡ್ ಫಾಂಟನ್ನು ಹಚ್ಚಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಫೋಟೋಶಾಪಿನಲ್ಲಿ ಒತ್ತುಗಳು ಒಡೆದು ಕಾಣುತ್ತಿದ್ದರೆ ದೋಷ ಫಾಂಟಿನದೇ ಎಂದು ತೀರ್ಮಾನಿಸುವ ಮುನ್ನ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಆಯ್ಕೆಯಾಗಿದೆಯೇ ನೋಡಿ. ಫ್ಲೆಕ್ಸ್ ಅಂಗಡಿಗೆ ಕಡತ ಕಳಿಸುವಾಗ ಅಕ್ಷರಗಳನ್ನು ಕರ್ವ್ಸ್‌ಗೆ ಬದಲಾಯಿಸಿಯೇ (ಅಂದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಕೆಡದ ಬರಿಯ ಆಕಾರಗಳಾಗಿ ಮಾಡಿ) ಕಳಿಸಿ, ಬದಲಾಯಿಸದ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.

ಎಲ್ಲಿ ಬಳಸಬೇಕು, ಎಲ್ಲಿ ಬಾರದು

ದಪ್ಪ ಜ್ಯಾಮಿತೀಯ ಫಾಂಟ್ ಎರಡು ಮೂರು ಪದಗಳನ್ನು ಹೊರುವುದಕ್ಕೆ ಹುಟ್ಟಿದ್ದು. ಅಂಗಡಿಯ ಹೆಸರು, ನಾಟಕದ ಪೋಸ್ಟರ್, ಪತ್ರಿಕೆಯ ತಲೆಬರಹ, ಟೀ ಶರ್ಟು, ಅಕ್ಕಿ ಚೀಲದ ಮೇಲಿನ ಮುದ್ರೆ ಇವೆಲ್ಲ ಅದರ ಜಾಗಗಳು. ಮದುವೆ ಪತ್ರಿಕೆಯ ಒಳಪುಟದಲ್ಲಿ ಬಂಧುಗಳ ಹೆಸರುಗಳನ್ನೆಲ್ಲ ಅದರಲ್ಲಿ ಹೊಡೆಸಿದರೆ ಯಾರೂ ಓದುವುದಿಲ್ಲ.

ಬೋರ್ಡಿನ ಅಳತೆಗೆ ಕಸುಬಿನಲ್ಲಿ ಒಂದು ಅಂದಾಜು ಚಾಲ್ತಿಯಲ್ಲಿದೆ: ಓದುವ ದೂರದ ಪ್ರತಿ 10 ಅಡಿಗೆ ಅಕ್ಷರದ ಎತ್ತರ 1 ಇಂಚು. 40 ಅಡಿ ದೂರದಿಂದ ಓದಬೇಕಾದರೆ 4 ಇಂಚು, ಹೆದ್ದಾರಿಯಲ್ಲಿ 200 ಅಡಿಯಿಂದ ಓದಬೇಕಾದರೆ 20 ಇಂಚು. ಕನ್ನಡದಲ್ಲಿ ಈ ಎತ್ತರವನ್ನು ಗುಡಿಸಿನ ತುದಿಯಿಂದ ಒತ್ತಿನ ಅಡಿಯವರೆಗೆ ಅಳೆಯದೆ ಮೈಯಕ್ಷರಕ್ಕೆ ಮಾತ್ರ ಅಳೆಯಬೇಕು. ಒತ್ತು ಹೆಚ್ಚಿರುವ ಹೆಸರಾದರೆ ನಾನು ಅದಕ್ಕೆ ಕಾಲುಭಾಗ ಸೇರಿಸುತ್ತೇನೆ. ಕಡತವನ್ನು ಕಳಿಸುವ ಮುನ್ನ ಹೆಸರಿನ ಅತ್ಯಂತ ಇಕ್ಕಟ್ಟಾದ ಒಂದು ಅಕ್ಷರವನ್ನು ಪೂರ್ಣ ಅಳತೆಯಲ್ಲಿ ಕಾಗದಕ್ಕೆ ಇಳಿಸಿ, ಗೋಡೆಗೆ ಅಂಟಿಸಿ, ರಸ್ತೆ ದಾಟಿ ನಿಂತು ನೋಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡಾಗಲೂ ಅದು ಓದಿಸಿಕೊಂಡರೆ ಮುಂದುವರಿಯಬಹುದು.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯಂತೆ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು. ಆದ್ದರಿಂದ ಫಾಂಟಿನೊಳಗಿನ ಇಂಗ್ಲಿಷ್ ಅಕ್ಷರಗಳನ್ನೂ ಕನ್ನಡಕ್ಕೆ ಅಡಿಯಾಳಾಗಿ ರೂಪಿಸುವುದು ಅನುಕೂಲ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೇರಗೆರೆ, ಮೂಲೆಗಳು ಹೆಚ್ಚಾದ್ದರಿಂದ ಒಂದೇ ಎತ್ತರದಲ್ಲಿಟ್ಟರೆ ಅವೇ ಮುಂದೆ ಬಂದು ಕೂಗುತ್ತವೆ. ಅವುಗಳ ಗೆರೆಯನ್ನು 150ರಿಂದ 135ಕ್ಕೆ ಇಳಿಸಿ, ಎತ್ತರವನ್ನು ಕನ್ನಡದ ಮೈಯಕ್ಷರಕ್ಕಿಂತ ತುಸುವೇ ಹೆಚ್ಚು ಇಟ್ಟರೆ ಎರಡೂ ಹೊಂದುತ್ತವೆ.

ದೀಪದ ಬೋರ್ಡಿನಲ್ಲಿ ಬೆಳಕು ಅಂಚಿನಿಂದಾಚೆ ಚೆಲ್ಲಿ ಅಕ್ಷರ ಇರುವುದಕ್ಕಿಂತ ದಪ್ಪವಾಗಿ ತೋರುತ್ತದೆ, ಕಪ್ಪು ನೆಲದ ಮೇಲಿನ ಬಿಳಿ ಅಕ್ಷರದಲ್ಲೂ ಹೀಗೆಯೇ. ಇವಕ್ಕಾಗಿ ಗೆರೆ ಸ್ವಲ್ಪ ತೆಳುವಾದ, ಒತ್ತಿನ ತೆರವು ಹೆಚ್ಚಿದ ಇನ್ನೊಂದು ಪ್ರತಿಯನ್ನು ಮಾಡಿಟ್ಟುಕೊಂಡಿರಬೇಕು. ಸಿಎನ್‌ಸಿ ರೌಟರಿನಲ್ಲಿ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ) ಅಕ್ರಿಲಿಕ್ ಅಥವಾ ಎಸಿಪಿ (ಅಲ್ಯೂಮಿನಿಯಂ ಹೊದಿಸಿದ ಪ್ಲಾಸ್ಟಿಕ್) ಹಾಳೆಯಿಂದ ಅಕ್ಷರ ಕತ್ತರಿಸುವುದಾದರೆ, ಅದರ 3 ಮಿಲಿಮೀಟರ್ ವ್ಯಾಸದ ಕೊರೆಯುವ ಬಿಟ್ ತಿರುಗುವಾಗ ಒಳಮೂಲೆಗಳು ತಾವಾಗಿಯೇ 1.5 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಗಾಗುತ್ತವೆ; ಅದಕ್ಕಿಂತ ಚೂಪಾದ ಕಚ್ಚುಗಳನ್ನು ಬರೆದು ಪ್ರಯೋಜನವಿಲ್ಲ, 3 ಮಿಲಿಮೀಟರಿಗಿಂತ ಕಿರಿದಾದ ಸೀಳನ್ನು ಅದು ಕತ್ತರಿಸುವುದೇ ಇಲ್ಲ. ಕತ್ತರಿಸಿದ ಮೇಲೆ ಒತ್ತುಗಳೂ ಠಕಾರದ ಚುಕ್ಕೆಗಳೂ ಬಿಡಿ ತುಂಡುಗಳಾಗಿ ಬೀಳುತ್ತವೆ, ಆದ್ದರಿಂದ ಚೀಲಕ್ಕೆ ಹಾಕುವ ಮುನ್ನ ಪ್ರತಿಯೊಂದರ ಹಿಂದೆ ಯಾವ ಅಕ್ಷರದ್ದು, ಯಾವ ಕಡೆ ಮೇಲು ಎಂದು ಪೆನ್ಸಿಲಿನಲ್ಲಿ ಬರೆಯಬೇಕು. ಗೋಡೆಗೆ ಕೂರಿಸುವಾಗ ಒತ್ತು ಎಷ್ಟೇ ಚಿಕ್ಕದಾಗಿದ್ದರೂ ಅದಕ್ಕೆ ಎರಡು ಸ್ಟಡ್ (ಗೋಡೆಗೆ ಹಿಡಿಸುವ ಮೊಳೆ) ಹಾಕಿಸಿ. ಒಂದೇ ಸ್ಟಡ್ಡಿಗೆ ನಿಂತ ರ ಒತ್ತು ಆಷಾಢದ ಗಾಳಿಗೆ ಮೆಲ್ಲಗೆ ತಿರುಗಿ, ದೀಪಾವಳಿಯ ಹೊತ್ತಿಗೆ ತಲೆಕೆಳಗಾಗಿರುತ್ತದೆ.